ಐದನೆಯ ಅಧ್ಯಾಯ, ಏಳನೆಯ ತರಗತಿ

ಅವಳ ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದರ ತುದಿ ಓರೆಯಾಗಿ ಮುರಿದಿತ್ತು. ಓದುವಾಗ ‘ಸ’ ಬಂದಲ್ಲೆಲ್ಲ ಆ ಸಂದಿಯಿಂದ ಒಂದು ಸಣ್ಣ ಸಿಳ್ಳೆ ಹೊರಡುತ್ತಿತ್ತು. ನನ್ನ ಓದುವ ಕಾರ್ಡಿನಲ್ಲಿದ್ದ ‘ಸಂತೆಯಲ್ಲಿ ಸಜ್ಜೆ ಸಿಕ್ಕಿತು’ ಎಂಬ ವಾಕ್ಯವನ್ನು ಅವಳು ಮೂರು ಸಿಳ್ಳೆಗಳಲ್ಲಿ, ಒಂದು ತಪ್ಪೂ ಇಲ್ಲದೆ ಮುಗಿಸಿದಳು. ನಾನು ಹಾಳೆಯ ಮೇಲೆ ‘ಉಚ್ಚಾರಣೆ ಸ್ಪಷ್ಟ; ಅಲ್ಲಲ್ಲಿ ಸಿಳ್ಳೆ’ ಎಂದು ಬರೆದುಕೊಂಡೆ. ಹೆಸರು ಮಾತ್ರ ಕೇಳಲಿಲ್ಲ. ನನ್ನ ಹಾಳೆಯಲ್ಲಿ ಅವಳು ‘ಮಗು ೧೪’.

ಹೆಸರು ಕೇಳದಿದ್ದುದು ಮರೆವಿನಿಂದಲ್ಲ. ಅದು ನನ್ನ ತತ್ವವಾಗಿತ್ತು, ಆ ತತ್ವದ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಐದನೆಯ ತರಗತಿಯ ಮಕ್ಕಳು ಕನ್ನಡವನ್ನು ಎಷ್ಟು ಸರಾಗವಾಗಿ ಓದುತ್ತಾರೆ ಎಂಬುದು ವಿಷಯ. ಇಷ್ಟೇ ಸಂಗತಿಗೆ ನಾನಿಟ್ಟ ಶೀರ್ಷಿಕೆ ಬಹಳ ಉದ್ದವಾಗಿತ್ತು. ಅವ್ವನಿಗೆ ಅದನ್ನು ಓದಿ ಹೇಳುವಾಗ ಅವಳು ಮಧ್ಯದಲ್ಲಿ ಎದ್ದು ಒಲೆಯ ಮೇಲಿನ ಹಾಲು ಇಳಿಸಿ ಬಂದಳು. ಬಂದಾಗಲೂ ನಾನಿನ್ನೂ ‘ತಾಲ್ಲೂಕುಗಳ’ ಎಂಬಲ್ಲೇ ಇದ್ದೆ. ಅವ್ವ ರೋಣದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರ್ ಹೊಲಿಯುತ್ತಾಳೆ. ಆ ಕೋಣೆಯ ಇನ್ನೊಂದು ಮೂಲೆ ನನ್ನ ಸಂಶೋಧನಾ ಕೇಂದ್ರ.

ಜಂಬದ ಮೂಲ ಹೇಳಬೇಕು. ಶಿಕ್ಷಣ ಸಂಶೋಧನೆಯ ಗುಣಮಟ್ಟ ಸುಧಾರಿಸಲು ಸರ್ಕಾರ ಒಂದು ಕರಡು ನೀತಿ ಸಿದ್ಧಪಡಿಸಿ ಎಲ್ಲರ ಅಭಿಪ್ರಾಯ ಕೇಳಿತ್ತು. ನಮ್ಮ ವಿಶ್ವವಿದ್ಯಾಲಯದಲ್ಲಿ ಅದರ ಬಗ್ಗೆ ಒಂದು ಸಭೆ ನಡೆಯಿತು. ಸಭೆಗಳಲ್ಲಿ ನಾನು ಬಾಯಿ ತೆರೆಯುವವಳಲ್ಲ. ಚಹಾ ಬೇಕೇ ಎಂದರೂ ತಲೆಯಾಡಿಸಿ ಉತ್ತರಿಸುತ್ತೇನೆ. ಆ ದಿನ ಮಾತ್ರ ಎದ್ದು ನಿಂತು ನಾಲ್ಕು ಪುಟ ಓದಿದೆ. ಹಳ್ಳಿ ಶಾಲೆಗಳಿಂದ ಅಂಕಿಗಳನ್ನು ಹೊತ್ತುಕೊಂಡು ಬಂದು ಮತ್ತೆ ಆ ಕಡೆ ತಿರುಗಿ ನೋಡದ ಸಂಶೋಧಕರನ್ನು ಖಂಡಿಸಿದೆ. ಮಕ್ಕಳ ಹೆಸರನ್ನು ಎಲ್ಲಿಯೂ ಬರೆಯಕೂಡದು ಎಂದೆ. ಸಂಶೋಧನೆ ಮುಗಿದ ಮೇಲೆ ಅದೇ ಶಾಲೆಗೆ ಹೋಗಿ, ಅಲ್ಲಿಯವರಿಗೆ ತಿಳಿಯುವ ಭಾಷೆಯಲ್ಲಿ ಫಲಿತಾಂಶ ಓದಿ ಹೇಳಿ, ಅವರ ಸಹಿ ತಂದವರ ಪ್ರಬಂಧವನ್ನಷ್ಟೇ ಸ್ವೀಕರಿಸಬೇಕು ಎಂದೆ. ಮುಂದಿನ ಸಾಲಿನಲ್ಲಿ ನಿದ್ದೆಹೋಗಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಚಪ್ಪಾಳೆಯ ಸದ್ದಿಗೆ ಎಚ್ಚರಾಗಿ ತಾವೂ ತಟ್ಟಿದರು. ನನ್ನ ಮಾರ್ಗದರ್ಶಕರು ಹೊರಗೆ ಬಂದಾಗ, “ನಿನಗ ದನಿ ಐತಿ ಅಂತ ಇವತ್ತ ಗೊತ್ತಾತ ನೋಡು” ಎಂದರು.

ಕೆಲವು ತಿಂಗಳಲ್ಲಿ ಸುತ್ತೋಲೆ ಬಂತು. ಅದರಲ್ಲಿ ನಾನು ಹೇಳಿದಂಥದೇ ನಿಯಮಗಳಿದ್ದವು. ನನ್ನಂತೆ ನೂರು ಜನ ಹೇಳಿರಬಹುದು, ಯಾರೂ ಹೇಳದೆಯೂ ಬಂದಿರಬಹುದು. ನಾನು ಮಾತ್ರ ಆ ಸಾಲುಗಳಿಗೆ ಹಳದಿ ಬಣ್ಣ ಬಳಿದು ಅವ್ವನಿಗೆ ತೋರಿಸಿದೆ.

“ನಿನ್ನ ಹೆಸರ ಎಲ್ಲೈತಿ?” ಎಂದು ಕೇಳಿದಳು.

“ಹೆಸರ ಹಾಕೂದಿಲ್ಲವಾ ಇದಕ್ಕೆಲ್ಲ.”

“ಹಂಗಾರ ನೀನ ಹೇಳಿದ್ದಂತ ಹ್ಯಾಂಗ ಗೊತ್ತು?” ಎಂದು ಸೂಜಿಗೆ ದಾರ ಪೋಣಿಸತೊಡಗಿದಳು.

ಇಂಥ ತತ್ವದ ಭಾರ ಹೊತ್ತು ಕ್ಷೇತ್ರಕಾರ್ಯಕ್ಕೆ ಹೊರಟೆ. ಮೊದಲು ನರಗುಂದದ ಕಡೆ ಹೋದೆ. ಅಲ್ಲಿ ಕಾಲುವೆ ಬದಿಯ ಒಂದು ಶಾಲೆಯ ಮಾಸ್ತರರು ನನ್ನ ಪತ್ರ ನೋಡಿ, “ಹೂಂ, ಒಳಗ ಅದಾವ, ಕೇಳ್ಕೋರಿ” ಎಂದು ಮಕ್ಕಳತ್ತ ಕೈ ತೋರಿಸಿ ತಮ್ಮ ಕೆಲಸಕ್ಕೆ ಹೋದರು. ಮಕ್ಕಳು ತಡವರಿಸಿದರು, ಪದ ಬಿಟ್ಟರು, ಒಬ್ಬ ಸಾಲನ್ನೇ ಹಾರಿದ. ನನಗೆ ಸ್ವಲ್ಪ ಬೇಸರವೇ ಆಯಿತು. ಆ ಶಾಲೆಯವರಿಗೆ ನನ್ನ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ನನ್ನ ಪ್ರಬಂಧದಲ್ಲಿ ಕಣ್ಣುಮುಚ್ಚಿ ನಂಬಬಹುದಾದ ಅಂಕಿಗಳು ಅವೇ ಎಂಬುದು ಆಗ ಹೊಳೆಯಲಿಲ್ಲ.

ರೋಣದಿಂದ ಗಜೇಂದ್ರಗಡದ ದಾರಿಯಲ್ಲಿ ಬರುವ ಒಂದು ಹಳ್ಳಿಯ ಶಾಲೆಯಲ್ಲಿ ಹಾಗಾಗಲಿಲ್ಲ. ಒಂದರಿಂದ ಏಳರವರೆಗಿನ ಶಾಲೆ ಅದು. ಕಡಲೆ ಕೀಳುವ ಕೆಲಸ ಮುಗಿದು ಬಿಸಿಲು ಏರತೊಡಗಿದ್ದ ದಿನಗಳು. ಅಲ್ಲಿಯ ಮುಖ್ಯ ಶಿಕ್ಷಕಿಯನ್ನು ಊರೆಲ್ಲ ‘ದೊಡ್ಡ ಅಕ್ಕೋರು’ ಎಂದು ಕರೆಯುತ್ತಿತ್ತು. ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, ಮುಖ ನೋಡಿ, “ಎಷ್ಟ ಒಣಗೀರಿ ಮೇಡಂ, ಇದನ್ನ ಓದಿ ಓದಿ ಹಿಂಗಾಗಿರೇನು?” ಎಂದು ಕೇಳಿದರು. ಈ ಓದಿನ ಮೇಲೆಯೇ ನನ್ನ ಮುಂದಿನ ನೌಕರಿ ಇದೆ ಎಂಬುದನ್ನು ನನ್ನಿಂದ ಎರಡೇ ಪ್ರಶ್ನೆಗಳಲ್ಲಿ ಹೊರತೆಗೆದರು. ಆಮೇಲೆ, “ನಾಳೆ ಬರ್ರಿ. ಮಕ್ಕಳನ್ನ ಚಲೋತ್ನಾಗಿ ಕೂಡಿಸಿ ಇಡ್ತೀನಿ” ಎಂದರು.

ಮರುದಿನ ಹೋದಾಗ ಕಟ್ಟೆಯ ಮೇಲೆ ಒಂದು ಸುಂದರ ದೃಶ್ಯ ಕಾದಿತ್ತು. ದೊಡ್ಡ ಹುಡುಗಿಯರು ಸಣ್ಣ ಮಕ್ಕಳ ಪಕ್ಕ ಕುಳಿತು ಕಿವಿಯಲ್ಲಿ ಏನೋ ಹೇಳಿಕೊಡುತ್ತಿದ್ದರು. ಸಣ್ಣವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನಾನು ಗೇಟಿನಲ್ಲೇ ನಿಂತು ಟಿಪ್ಪಣಿ ಬರೆದುಕೊಂಡೆ: ‘ಹಿರಿಯರು ಕಿರಿಯರಿಗೆ ಕಲಿಸುವ ಸ್ವಯಂಪ್ರೇರಿತ ಪದ್ಧತಿ.’ ನಂತರ ಐದನೆಯ ತರಗತಿಯ ಮಕ್ಕಳು ಎಂದು ಒಬ್ಬೊಬ್ಬರನ್ನೇ ಒಳಗೆ ಕಳಿಸಿದರು. ಎಂಥ ಓದು! ಒತ್ತಕ್ಷರಗಳು ಕಡಲೆ ಹುರಿದಂತೆ ಪಟಪಟನೆ ಸಿಡಿದವು. ಮಕ್ಕಳು ವಯಸ್ಸಿಗೆ ಮೀರಿ ಎತ್ತರವಿದ್ದರು. ಒಬ್ಬ ಹುಡುಗನಿಗೆ ಮೀಸೆಯ ನೆರಳೂ ಇತ್ತು. ನಾನು ಗಮನಿಸಲಿಲ್ಲವೆಂದಲ್ಲ, ಗಮನಿಸಿದೆ. ಗಮನಿಸಿ, ‘ಬಿಸಿಯೂಟದ ಪರಿಣಾಮ ಗಮನಾರ್ಹ’ ಎಂದು ಬರೆದೆ.

ಮಗು ೧೪ ಸಿಳ್ಳೆಯೊಂದಿಗೆ ಓದಿದ್ದು ಆವತ್ತೇ.

ಆ ಶಾಲೆಯ ಅಂಕಿಗಳಿಂದ ನನ್ನ ಐದನೆಯ ಅಧ್ಯಾಯ ಹುಟ್ಟಿತು. ಉಳಿದ ಅಧ್ಯಾಯಗಳಲ್ಲಿ ಹೊಸದೇನೂ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಐದನೆಯದರಲ್ಲಿ ಒಂದು ಆವಿಷ್ಕಾರವಿತ್ತು: ಹಿರಿಯರು ಕಿವಿಯಲ್ಲಿ ಹೇಳಿಕೊಟ್ಟರೆ ಕಿರಿಯರು ಎರಡು ತರಗತಿ ಮುಂದಿನವರಂತೆ ಓದುತ್ತಾರೆ. ಈ ವಾಕ್ಯ ಅಕ್ಷರಶಃ ನನ್ನದೇ. ‘ಎರಡು ತರಗತಿ ಮುಂದಿನವರಂತೆ.’ ಅದನ್ನು ಬರೆದ ದಿನ ಖುಷಿಯಿಂದ ಮಿರ್ಚಿ ಭಜಿ ತರಿಸಿ ತಿಂದೆ.

ಆ ಬೇಸಿಗೆ ರಜೆ ಮುಗಿದು ಶಾಲೆಗಳು ಮತ್ತೆ ತೆರೆದು ಒಂದು ತಿಂಗಳಾದ ಮೇಲೆ ಪ್ರಬಂಧ ಸಿದ್ಧವಾಯಿತು. ತಿಂಗಳ ಕೊನೆಗೆ ಸಲ್ಲಿಸಬೇಕು. ಸಿಗಬಹುದಾದ ಹೆಚ್ಚುವರಿ ಅವಧಿಯನ್ನು ಆಗಲೇ ಬಳಸಿಕೊಂಡಿದ್ದೆ. ತಪ್ಪಿದರೆ ಹೊಸದಾಗಿ ಅರ್ಜಿ, ಮತ್ತೊಂದು ವರ್ಷ. ನರಗುಂದದ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ನನಗಾಗಿ ಕಾಯುತ್ತಿತ್ತು. ಪ್ರಬಂಧ ಸಲ್ಲಿಸಿದ ಚೀಟಿ ತಂದರೆ ಸಾಕು ಎಂದಿದ್ದರು. ಉಳಿದದ್ದು ಒಂದೇ ಕೆಲಸ. ನಾನೇ ಬೇಡಿ ಪಡೆದ ನಿಯಮದ ಪ್ರಕಾರ ಶಾಲೆಗಳಿಗೆ ಹೋಗಿ ಫಲಿತಾಂಶ ಓದಿ ಹೇಳಿ ಸಹಿ ತರುವುದು. ಉಳಿದ ಕಡೆ ಮುಗಿಸಿ, ಸಿಹಿಯನ್ನು ಕೊನೆಗೆ ತಿನ್ನುವವಳಂತೆ ಈ ಶಾಲೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಬೆಳಗಿನ ಬಸ್ಸಿನಿಂದ ಆ ಹಳ್ಳಿಯಲ್ಲಿ ಇಳಿಯುವಾಗ, ಅದೇ ಬಸ್ಸು ಹತ್ತಲು ಹೈಸ್ಕೂಲಿನ ಹುಡುಗಿಯರ ಗುಂಪೊಂದು ಬಾಗಿಲಲ್ಲಿ ನೂಕಾಡುತ್ತಿತ್ತು.

“ಅಕ್ಕೋರ! ಅಕ್ಕೋರ, ನಾನ್ರೀ! ಹದಿನಾಲ್ಕ!”

ನಾನು ತಿರುಗಿ ನೋಡಿದೆ. ಮುರಿದ ಹಲ್ಲು ನಗುತ್ತಿತ್ತು.

“ಗುರ್ತ ಸಿಗಲಿಲ್ಲೇನ್ರಿ? ನಂಬರ್ ಹದಿನಾಲ್ಕ. ಸಂತಿಯಾಗ ಸಜ್ಜಿ ಸಿಕ್ಕಿತ್ತಲ್ರಿ!”

“ಸಿಕ್ತು, ಸಿಕ್ತು,” ಎಂದೆ. ಯಾರಾದರೂ ನನ್ನನ್ನು ನೆನಪಿಟ್ಟರೆ ನನಗೆ ಗಾಬರಿಯಾಗುತ್ತದೆ. “ಎಲ್ಲಿಗೆ ಹೊಂಟಿ?”

“ಹೈಸ್ಕೂಲಿಗ್ರಿ. ಗಜೇಂದ್ರಗಡಕ್ಕ.”

“ಎಷ್ಟನೇತ್ತ ಈಗ?”

“ಎಂಟನೇತ್ತ ರೀ.”

ಪಕ್ಕದ ಹುಡುಗಿ ಅವಳ ಪಕ್ಕೆಗೆ ತಿವಿದಳು. “ಏ ಹುಚ್ಚಿ, ಇವರ ಮುಂದ ಆರನೇತ್ತ ಅನ್ನಬೇಕಿತ್ತಲ್ಲ!”

“ಏ ತಂಗ್ಯಾರ, ಮಾತ ಆಮ್ಯಾಲ, ಹತ್ರಿ ಮದ್ಲ!” ಎಂದು ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಕಿಟಕಿಯಿಂದ ಮಗು ೧೪ ಕೈ ಬೀಸಿದಳು. ನಾನೂ ಬೀಸಿದೆ.

ನಾನು ಗಣಿತದಲ್ಲಿ ದಡ್ಡಿಯಲ್ಲ. ಕಳೆದ ವರ್ಷ ಐದರಲ್ಲಿದ್ದವಳು ಈ ವರ್ಷ ಆರರಲ್ಲಿರಬೇಕು. ಎಂಟರಲ್ಲಿದ್ದಾಳೆಂದರೆ ಆಗ ಏಳರಲ್ಲಿದ್ದಳು. ಈ ಲೆಕ್ಕಕ್ಕೆ ಬಸ್ ನಿಲ್ದಾಣದಿಂದ ಶಾಲೆಯವರೆಗಿನ ಪೂರ್ತಿ ದಾರಿ ಬೇಕಾಯಿತು, ಏಕೆಂದರೆ ಬೇರೆ ಉತ್ತರ ಬರಬಹುದೇ ಎಂದು ಮೂರು ಸಲ ಮಾಡಿ ನೋಡಿದೆ. ಹೀಗೆ ಬಂದು ಓದಿದವರು ಈ ಇಬ್ಬರು ಹುಡುಗಿಯರಷ್ಟೇ ಇರಬಹುದು ಎಂದುಕೊಂಡೆ. ಆಗ ಮೀಸೆಯ ನೆರಳು ನೆನಪಾಯಿತು.

ಶಾಲೆಯಲ್ಲಿ ದೊಡ್ಡ ಅಕ್ಕೋರು ಕುರ್ಚಿಗಳನ್ನು ಗೋಡೆಗೆ ಸಾಲಾಗಿ ಇಡಿಸಿದ್ದರು. ಇಬ್ಬರು ಮಾಸ್ತರರು, ಇನ್ನೊಬ್ಬ ಅಕ್ಕೋರು, ಅಡುಗೆಯವರು ಎಲ್ಲ ಬಂದು ಕುಳಿತರು. ಮೊದಲು ಕೇಳಬೇಕಾದ ಪ್ರಶ್ನೆ ನಾಲಿಗೆಯ ಮೇಲಿತ್ತು. ನಾನು ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು ಐದನೆಯ ಅಧ್ಯಾಯದ ಸಾರಾಂಶವನ್ನು ಓದತೊಡಗಿದೆ. ಪದ್ಧತಿಯನ್ನು ಹೊಗಳಿದೆ, ಶಿಕ್ಷಕರನ್ನು ಹೊಗಳಿದೆ, ಬಿಸಿಯೂಟವನ್ನು ಹೊಗಳಿದೆ. ಅಡುಗೆಯವರು ಸೆರಗಿನಿಂದ ಮುಖ ಒರೆಸಿಕೊಂಡರು. ಓದುತ್ತಾ ಹೋದಂತೆ ಪ್ರತಿ ವಾಕ್ಯವೂ ಬೇರೆ ಯಾರೋ ತಮಾಷೆಗೆ ಬರೆದಂತೆ ಕೇಳತೊಡಗಿತು. ‘ಎರಡು ತರಗತಿ ಮುಂದಿನವರಂತೆ’ ಎಂಬಲ್ಲಿ ನನ್ನ ದನಿ ಒಡೆಯಿತು. ಅದನ್ನು ಅವರು ಭಾವಾವೇಶ ಎಂದುಕೊಂಡಿರಬೇಕು.

ಓದಿ ಮುಗಿಸಿದಾಗ ಹಿರಿಯ ಮಾಸ್ತರರು, “ನಾವು ಇಷ್ಟ ಚಲೋ ಕಲಸ್ತೀವಿ ಅಂತ ನಮಗ ಗೊತ್ತಿರಲಿಲ್ಲ ಬಿಡ್ರಿ” ಎಂದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಿರಿಯ ಮಾಸ್ತರರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು.

“ಬಸ್ ಸ್ಟ್ಯಾಂಡಿನ್ಯಾಗ ಒಬ್ಬ ಹುಡುಗಿ ಸಿಕ್ಕಿದ್ಲರಿ,” ಎಂದೆ. “ಎಂಟನೇತ್ತ ಅಂದ್ಲು.”

ದೊಡ್ಡ ಅಕ್ಕೋರು ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ಆ ನಗುವಿನಲ್ಲಿ ಸಿಕ್ಕಿಬಿದ್ದವರ ನಾಚಿಕೆ ಸ್ವಲ್ಪವೂ ಇರಲಿಲ್ಲ.

“ಆಕೀ ಬಾಯಾಗ ಮಾತ ನಿಲ್ಲೂದಿಲ್ಲ ನೋಡ್ರಿ. ಹಲ್ಲಾಗ ಸಂದಿ ಐತಿ, ಎಲ್ಲಾ ಹೊರಗ ಬರ್ತದ.”

“ಎಲ್ಲಾರೂ ಏಳನೇತ್ತದಾವ್ರ ಏನ್ರಿ?”

“ಎಲ್ಲಾರೂ ಅಲ್ರಿ. ಇಬ್ರು ಆರನೇತ್ತದಾಗಿನ ಶ್ಯಾಣ್ಯಾರು.”

“ಐದನೇತ್ತದಾವ್ರ?”

“ಕಟ್ಟಿ ಮ್ಯಾಲ ಕುಂತಿದ್ರಲ್ರಿ. ಯಾರ ಕೇಳಿದ್ರೂ ‘ನಮ್ದು ಮೂರನೇತ್ತ’ ಅನ್ರಿ ಅಂತ ದೊಡ್ಡ ಹುಡುಗ್ಯಾರು ಕಿವ್ಯಾಗ ಹೇಳಿಕೊಡಾಕತ್ತಿದ್ರು.”

ನನ್ನ ಆವಿಷ್ಕಾರ ಅದು.

“ಯಾಕ್ರೀ ಹಿಂಗ ಮಾಡಿದ್ರಿ?” ಎಂದು ಕೇಳಿದೆ. ಕೋಪದಿಂದ ಕೇಳಬೇಕೆಂದಿದ್ದೆ, ದನಿ ಹಾಗೆ ಬರಲಿಲ್ಲ.

“ಮತ್ತೇನ ಮಾಡಬೇಕಿತ್ತ ತಂಗಿ?” ‘ಮೇಡಂ’ ಹೋಗಿ ‘ತಂಗಿ’ ಬಂದಿತ್ತು. “ಬಿಸಿಲಾಗ ಬಸ್ಸಿಗೆ ಬಂದಿ, ಮಾರಿ ಸಣ್ಣದಾಗಿತ್ತು. ಇದರ ಮ್ಯಾಲ ನೌಕರಿ ಐತಿ ಅಂದಿ. ಮನಿಗೆ ಬಂದಾಕಿಗೆ ಸೀದ ರೊಟ್ಟಿ ಬಡಿಸ್ತಾರೇನು? ತಪಾಸಣಿಗೆ ಸಾಹೇಬ್ರು ಬಂದಾಗೂ ಹಿಂಗ ಮಾಡ್ತೀವಿ, ಆದ್ರ ಅದು ಅಂಜಿಕಿಗೆ. ನಿನಗ ಮಾಡಿದ್ದು ಖರೇನ ಪ್ರೀತಿಲೆ.” ಪೆನ್ನು ತೆಗೆಯುತ್ತಾ ಸೇರಿಸಿದರು: “ಮತ್ತ ನೀ ಹೆಸರ ಕೇಳಲೇ ಇಲ್ಲ. ಹೆಸರ ಕೇಳಿದ್ರ ಹಾಜರಿ ನೋಡ್ತಿದ್ದಿ, ನಾವೂ ಸುಮ್ಮನಾಗ್ತಿದ್ವಿ. ಎಲ್ಲಿ, ಸಹಿ ಎಲ್ಲಿ ಮಾಡಬೇಕು?”

ನಮೂನೆಯಲ್ಲಿ ‘ಸಂಶೋಧನೆಯ ಫಲಿತಾಂಶವನ್ನು ಓದಿ ಹೇಳಲಾಗಿದೆ’ ಎಂದು ಮುದ್ರಿಸಿತ್ತು. ಅದರ ಕೆಳಗೆ ‘ಆಕ್ಷೇಪಣೆಗಳಿದ್ದಲ್ಲಿ’ ಎಂದು ಖಾಲಿ ಜಾಗವಿತ್ತು. ದೊಡ್ಡ ಅಕ್ಕೋರು ಆ ಜಾಗದಲ್ಲಿ ಸ್ಫುಟವಾಗಿ ‘ಇಲ್ಲ’ ಎಂದು ಬರೆದು, ಸಹಿ ಮಾಡಿ, ಶಿಕ್ಕೆ ಒತ್ತಿದರು. ಊದಿ ಆರಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಎಲ್ಲರೊಡನೆ ಉಪ್ಪಿಟ್ಟು ತಿಂದೆ. ಚೆನ್ನಾಗಿತ್ತು.

ಮಧ್ಯಾಹ್ನ ಮನೆಗೆ ಬಂದು ಆ ಹಾಳೆಯನ್ನು ಮೇಜಿನ ಮೇಲಿಟ್ಟು ನೋಡುತ್ತಾ ಕುಳಿತೆ. ಕಾಗದ ಪತ್ರದ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು. ನಿಯಮ ಪಾಲನೆಯಾಗಿತ್ತು, ಸಹಿಯಿತ್ತು, ಶಿಕ್ಕೆಯಿತ್ತು. ಮಕ್ಕಳಿಗೆ ಹೆಸರಿರಲಿಲ್ಲವಾದ್ದರಿಂದ ಅವರು ಯಾವ ತರಗತಿಯವರೆಂದು ಯಾರೂ ಎಂದಿಗೂ ಪತ್ತೆ ಹಚ್ಚುವಂತಿರಲಿಲ್ಲ. ಗುಣಮಟ್ಟ ಸುಧಾರಿಸಲೆಂದು ನಾನು ಮುಂದಿಟ್ಟ ಒಂದೊಂದು ಮಾತೂ ನನ್ನ ಸುಳ್ಳಿಗೆ ಅಚ್ಚುಕಟ್ಟಾಗಿ ಹೊಲಿದ ಚೀಲದಂತಿತ್ತು. ಅದಕ್ಕಾಗಿ ನಾಲ್ಕು ಪುಟ ಓದಿ ಚಪ್ಪಾಳೆ ಪಡೆದಿದ್ದೆ.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ.

“ಸಹಿ ಆತೇನು?” ಎಂದರು.

“ಆತ್ರಿ ಸರ್.”

“ಶಿಕ್ಕಾ?”

“ಅದೂ ಐತ್ರಿ.”

“ಮತ್ಯಾಕ ಫೋನ್ ಮಾಡೀದಿ?”

ಹೇಳಿದೆ. ನಾನು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಆ ಸಭೆಯ ನಂತರ ಅದೇ ಮೊದಲು. ಅವರು, “ನೀ ಸಭಾದಾಗ ಓದಿದ ಕಾಗದ ಇನ್ನೂ ನನ್ನ ಕಪಾಟಿನ್ಯಾಗ ಐತಿ. ತಗದು ಓದ್ಲೇನು? ಮೂರನೇ ಪುಟ ಭಾಳ ಖಡಕ್ ಐತಿ” ಎಂದರು.

“ಬ್ಯಾಡ್ರಿ ಸರ್.”

“ತಿಂಗಳ ಕೊನಿಗೆ ಕೊಟ್ರ ಈ ವರ್ಷ ಮುಗೀತದ. ಇಲ್ಲಂದ್ರ ಮುಂದಿನ ವರ್ಷ. ಎರಡಕ್ಕೂ ನಾ ಸಹಿ ಮಾಡ್ತೀನಿ ತಂಗಿ. ಯಾವುದಕ್ಕ ಮಾಡ್ಲಿ ಅಂತ ಮಾತ್ರ ನನ್ನ ಕೇಳಬ್ಯಾಡ.”

ಸಂಜೆ ಅವ್ವ ಯಂತ್ರ ನಿಲ್ಲಿಸಿದಾಗ ಅವಳಿಗೂ ಹೇಳಿದೆ. ಸಹಾನುಭೂತಿ ಬೇಕಾಗಿತ್ತು. ಅವಳು ಕತ್ತರಿ ಕೆಳಗಿಟ್ಟು ನಕ್ಕಳು.

“ಅಳತಿ ಒಬ್ಬಾಕಿದು ತಗೊಂಡು ಇನ್ನೊಬ್ಬಾಕಿಗೆ ಹೊಲದಂಗಾತಲ್ಲ. ಆದ್ರ ಇದು ನಿನಗ ಗೊತ್ತಿರಬೇಕಿತ್ತ ಯವ್ವಾ. ನೀನೂ ಹಂಗ ಹೋಗಿದ್ದಿಯಲ್ಲ.”

“ನಾ ಎಲ್ಲಿಗೆ ಹೋಗಿದ್ದೆ?”

“ಐದನೇತ್ತ ಇದ್ದಾಗ, ಸಾಹೇಬ್ರು ಬಂದಿದ್ರು. ನೀ ಗಿಡ್ಡಕಿದ್ದಿ ಅಂತ ಮೂರನೇತ್ತದಾಗ ಮುಂದ ಕುಂದರಿಸಿದ್ರು. ಮಗ್ಗಿ ಹೇಳಿದಿ, ಸಾಹೇಬ್ರು ಬೆನ್ನ ಚಪ್ಪರಿಸಿದ್ರು. ಮೂರ ದಿನಾ ಮನಿಯಾಗ ಅದ ಮಾತು.”

ನೆನಪಾಯಿತು. ಬೆನ್ನಿನ ಮೇಲೆ ಬಿದ್ದ ಆ ದೊಡ್ಡ ಅಂಗೈ, ಹೊಸ ರಿಬ್ಬನ್, ಹದಿಮೂರರ ಮಗ್ಗಿ. ಅಂದು ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಿಯೇ ಇರಲಿಲ್ಲ. ಶಾಲೆಗೆ ನನ್ನಿಂದ ಉಪಕಾರವಾಗುತ್ತಿದೆ ಎಂದು ಎದೆ ಉಬ್ಬಿತ್ತು. ಆ ಮಗ್ಗಿ ಯಾವುದೋ ವರದಿಯಲ್ಲಿ ಸೇರಿರಬಹುದು. ಯಾರೋ ಅದನ್ನು ಉದ್ಧರಿಸಿರಬಹುದು. ನಾನೇ ಎರಡನೆಯ ಅಧ್ಯಾಯದಲ್ಲಿ, ಹಿಂದಿನ ಅಧ್ಯಯನಗಳ ಸಮೀಕ್ಷೆ ಎಂಬಲ್ಲಿ, ಗೌರವದಿಂದ ಉದ್ಧರಿಸಿರಬಹುದು.

“ಮೂರನೇತ್ತದ ಖರೇ ಹುಡುಗ್ಯಾರು ಎಲ್ಲಿದ್ರವಾ ಅವತ್ತ?” ಎಂದು ಕೇಳಿದೆ.

“ಯಾರಿಗೆ ಗೊತ್ತು? ಎಲ್ಲೋ ಹಿಂದ ಕೂಡಿಸಿರಬೇಕು. ಅವರನ್ನ ಯಾರ ಕೇಳ್ತಾರ?” ಎಂದು ಅವ್ವ ಬಿದ್ದ ಬಟ್ಟೆಚೂರುಗಳನ್ನು ಗುಡಿಸತೊಡಗಿದಳು.

ಕಟ್ಟೆಯ ಮೇಲಿನ ಆ ಸಣ್ಣ ಮಕ್ಕಳು ತಲೆಯಾಡಿಸುತ್ತಿದ್ದುದು ಕಣ್ಣ ಮುಂದೆ ಬಂತು. ಅವರು ಓದುತ್ತಾರೋ ಇಲ್ಲವೋ ಎಂದು ತಿಳಿಯಲೆಂದೇ ನಾನು ಮೂರು ತಾಲ್ಲೂಕು ಸುತ್ತಿದ್ದೆ. ಅವರ ಪಕ್ಕದಿಂದ ಟಿಪ್ಪಣಿ ಬರೆಯುತ್ತಾ ಹಾದು ಹೋಗಿದ್ದೆ. ಒಬ್ಬರನ್ನೂ ಒಂದು ಪದ ಓದಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಬಸ್ಸು ಹಿಡಿದೆ. ಬಾಗಿಲಲ್ಲಿ ಹದಿನಾಲ್ಕು ಸಿಕ್ಕಳು. “ಮತ್ತ ಬಂದ್ರೇನ್ರಿ?” ಎಂದಳು. “ನಿಮ್ಮ ಅಧ್ಯಾಯ ತಗದ ಒಗದೆವಾ,” ಎಂದೆ. ಅವಳಿಗೆ ತಿಳಿಯಲಿಲ್ಲ, ಆದರೂ ನಕ್ಕಳು. ಶಾಲೆಯಲ್ಲಿ ಸಹಿಯಾದ ಹಾಳೆಯನ್ನು ದೊಡ್ಡ ಅಕ್ಕೋರಿಗೆ ಹಿಂದಿರುಗಿಸಿ, ಹೋದ ವರ್ಷ ಐದರಲ್ಲಿದ್ದು ಈಗ ಆರರಲ್ಲಿರುವ ಮಕ್ಕಳನ್ನು, ಹಾಜರಿ ಪುಸ್ತಕವನ್ನು ಕೇಳಿದೆ; ಈ ತಿಂಗಳ ಗಡುವು ಬಿಟ್ಟೆ ಎಂದೂ ಹೇಳಿದೆ. ಅವರು ನನ್ನ ಮುಖ ನೋಡಿ, “ಒಂದ ವರ್ಷ ಹೋಗ್ತದಲ್ಲ ತಂಗಿ” ಎಂದರು. “ಹೌದ್ರಿ,” ಎಂದೆ. ಅವರು ಕಪಾಟಿನ ಬೀಗ ತೆಗೆದರು.

ಮೊದಲು ಒಳಗೆ ಬಂದ ಹುಡುಗಿ ನನ್ನ ಮೇಜಿಗಿಂತ ಸ್ವಲ್ಪವೇ ಎತ್ತರವಿದ್ದಳು.

“ಮೂರನೇತ್ತ ರೀ,” ಎಂದಳು, ನಾನು ಕೇಳುವ ಮೊದಲೇ.

“ಅದನ್ನ ಕೇಳಲಿಲ್ಲ. ಹೆಸರೇನು?”

ಹೇಳಿದಳು. ಆಮೇಲೆ, “ನಿಮ್ದೇನ್ರಿ?” ಎಂದು ಕೇಳಿದಳು. ನಾನೂ ಹೇಳಿದೆ. ಅವಳ ಹೆಸರನ್ನು ನನ್ನ ಹಾಳೆಯಲ್ಲಿ ಬರೆಯಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟು, ಅದು ಅಲ್ಲಿದೆಯೆಂದು ನೋಡಿಕೊಂಡು, ಓದುವ ಕಾರ್ಡನ್ನು ಅವಳತ್ತ ತಿರುಗಿಸಿ, ಸೆಕೆಂಡು ಎಣಿಸುವ ಗಡಿಯಾರ ಒತ್ತಿದೆ.